ಕಾಲು ಮುಂದಾಗಿ ಹುಟ್ಟಿದವನು

ಬೆರಳು ಮುಟ್ಟಲೇಬೇಕು ಎಂದೇನೂ ಇಲ್ಲ ಎಂದು ಬೆಟ್ಟಸ್ವಾಮಿ ಮಕ್ಕಳಿಗೆ ಹೇಳಿದ. ಹೇಳುವಾಗ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ. ಹೊಂಗೆ ಮರದ ನೆರಳಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳು ಕಾಲು ಚಾಚಿಕೊಂಡು ಸಾಲಾಗಿ ಕೂತಿದ್ದರು. ಅವರ ಎದುರಿಗೆ ಅವನೂ ಶೂ ಬಿಚ್ಚಿಟ್ಟು, ಕಾಲು ಚಾಚಿ, ಕೈ ಮುಂದೆ ಮಾಡಿ ಕೂತಿದ್ದ. ಮಂಡಿಯಿಂದ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಕೈ ನಿಂತುಬಿಟ್ಟಿತ್ತು, ಅಲ್ಲಿಂದ ಮುಂದಕ್ಕೆ ಹೊಟ್ಟೆ ಬಿಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ. ನಿವೃತ್ತಿ ಹತ್ತಿರ ಬಂದ ಪಿ.ಟಿ. ಮೇಷ್ಟ್ರ ಹೊಟ್ಟೆ ನೋಡಿ ನಗದ ಮಕ್ಕಳು ಯಾವ ಸ್ಕೂಲಿನಲ್ಲಿದ್ದಾರೆ? ಅವನು ಆ ಹೊಟ್ಟೆಯನ್ನೇ ಪಾಠ ಮಾಡಿಕೊಂಡ. ನೋಡಿ, ನನ್ನದು ಇಲ್ಲಿಗೆ ನಿಂತಿತು, ನಾನೂ ಇಲ್ಲೇ ನಿಲ್ಲಿಸುತ್ತೇನೆ, ಜಗ್ಗುವುದಿಲ್ಲ, ಎಗರಿ ಎಗರಿ ಮುಟ್ಟಲು ಹೋಗುವುದಿಲ್ಲ ಎಂದ. ಮೊದಲು ಒಂದಿಷ್ಟು ಓಡಿ ಮೈ ಬಿಸಿ ಮಾಡಿಕೊಳ್ಳಬೇಕು, ಆಮೇಲೆ ಮೆಲ್ಲಗೆ ಬಗ್ಗಬೇಕು, ಸೆಳೆತ ಸಿಕ್ಕ ಕಡೆ ನಿಂತು ಉಸಿರಾಡಬೇಕು. ಸೆಳೆತ ಬೇರೆ, ನೋವು ಬೇರೆ. ನೋವು ಬಂದರೆ ಮರ್ಯಾದೆಯಾಗಿ ವಾಪಸು ಬರಬೇಕು. ಮತ್ತೆ ಎಲ್ಲಕ್ಕಿಂತ ಮುಖ್ಯ, ಯಾರೂ ಯಾರ ಬೆನ್ನನ್ನೂ ಒತ್ತಬಾರದು.

ಈ ಕೊನೆಯ ಮಾತು ಹೇಳುವಾಗಲೆಲ್ಲ ಅವನ ಬೆನ್ನಿನ ಮೇಲೆ ಒಂದು ಅಂಗೈ ಬಂದು ಕೂರುತ್ತಿತ್ತು. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಅವನಿಗೆ ಪಿ.ಟಿ. ಹೇಳಿಕೊಟ್ಟ ಏಕಾಂತಯ್ಯ ಮೇಷ್ಟ್ರ ಅಂಗೈ. ಹುಡುಗರನ್ನು ಬಗ್ಗಿಸಿ, ಬೆನ್ನಿನ ಮೇಲೆ ಕೈಯೂರಿ, ಇನ್ನೂ ಇದೆ ಕಣ್ಲಾ ಇನ್ನೂ ಇದೆ ಎನ್ನುತ್ತಾ ಹಣೆ ಮಂಡಿಗೆ ತಾಗುವವರೆಗೂ ಒತ್ತುತ್ತಿದ್ದರು. ತೊಡೆಯ ಹಿಂದೆ ಬೆಂಕಿ ಬೀಳುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಮೂಗಿಗೆ ಮೇಷ್ಟ್ರ ನಶ್ಯದ ವಾಸನೆ ಬರುತ್ತಿತ್ತು. ಆದರೂ ಆ ಕೈ ತೆಗೆದ ಮೇಲೆ ಬೆನ್ನು ಬರಿದಾದಂತೆ ಅನ್ನಿಸಿ, ಇನ್ನೊಂದು ಸಲ ಒತ್ತಲಿ ಎಂದು ಅವನು ಬೇಕೆಂದೇ ಕಡಿಮೆ ಬಗ್ಗುತ್ತಿದ್ದ. ಅಪ್ಪ ಮೈ ಮುಟ್ಟಿ ಮಾತಾಡಿಸಿದ ನೆನಪಿಲ್ಲದ ಹುಡುಗ ಮತ್ತೇನು ಮಾಡಿಯಾನು? ಹೋದ ವರ್ಷ ತುಮಕೂರಿನ ತರಬೇತಿಯಲ್ಲಿ ಚೈತನ್ಯ ಎಂಬ ಹುಡುಗಿ, ಅವನ ಮಗಳ ವಯಸ್ಸಿನವಳು, ಗೋಡೆಯ ಮೇಲೆ ಸ್ನಾಯುಗಳ ಚಿತ್ರ ಬಿಟ್ಟು, ಹೀಗೆ ಒತ್ತಿದರೆ ಎಳೆ ಮೈಯಲ್ಲಿ ಏನೇನು ಹರಿಯುತ್ತದೆ ಎಂದು ಕೋಲಿನಿಂದ ತೋರಿಸಿದಾಗ ಬೆಟ್ಟಸ್ವಾಮಿಗೆ ಸಿಟ್ಟು ಬಂದಿತ್ತು. ಏಕಾಂತಯ್ಯನವರನ್ನು ಯಾರೋ ಎದುರಿಗೇ ಬೈದ ಹಾಗಾಗಿತ್ತು. ಊಟದ ಹೊತ್ತಿಗೆ ಸಿಟ್ಟು ಇಳಿಯಿತು, ಸಂಜೆಯ ಹೊತ್ತಿಗೆ ಒಪ್ಪಿದ. ಒಪ್ಪಿದ ಮೇಲೆ ಹೊಸದಾಗಿ ಮಾಲೆ ಹಾಕಿದವನಷ್ಟು ಕಟ್ಟುನಿಟ್ಟಾಗಿಬಿಟ್ಟ. ಈಗ ತಾಲ್ಲೂಕಿನಲ್ಲಿ ಬೆನ್ನು ಒತ್ತದ ಪಿ.ಟಿ. ಮೇಷ್ಟ್ರು ಎಂದರೆ ಅವನೇ ಎಂಬ ಸಣ್ಣ ಹೆಮ್ಮೆಯೂ ಇತ್ತು.

ಮುಂದಿನ ಸಾಲಿನಲ್ಲಿ ತನುಶ್ರೀ ಕೂತಿದ್ದಳು. ಈ ವರ್ಷ ಒಂದೇ ಸಲಕ್ಕೆ ಉದ್ದ ಬೆಳೆದ ಹುಡುಗಿ. ಕಾಲು ಎಷ್ಟು ದೂರ ಹೋಗಿತ್ತೋ ಕೈ ಅಷ್ಟು ದೂರ ಹೋಗಿರಲಿಲ್ಲ. ಬಗ್ಗಿದರೆ ಬೆರಳ ತುದಿ ಮೀನಖಂಡಕ್ಕೇ ನಿಂತು ನಡುಗುತ್ತಿತ್ತು. ಖೋಖೋ ಟೀಮಿಗೆ ಸೇರಬೇಕೆಂಬ ಆಸೆ ಬೇರೆ. ಪಕ್ಕದಲ್ಲಿ ಅವಳ ಗೆಳತಿ ನಂದಿತಾ, ನಾದಿದ ಹಿಟ್ಟಿನಂಥ ಮೈಯವಳು, ಹಣೆಯನ್ನೇ ಮಂಡಿಯ ಮೇಲಿಟ್ಟು ಆರಾಮವಾಗಿ ಮಲಗಿದ್ದಳು. ಭೇಷ್ ಎಂದುಬಿಟ್ಟ ಬೆಟ್ಟಸ್ವಾಮಿ. ಮುಟ್ಟಬೇಕಾಗಿಲ್ಲ ಎಂದು ಅರ್ಧ ಗಂಟೆ ಕೊರೆದ ಬಾಯೇ ಮುಟ್ಟಿದವಳನ್ನು ಕಂಡ ಕೂಡಲೇ ಭೇಷ್ ಎಂದಿತು. ತನುಶ್ರೀ ತಲೆಯೆತ್ತಿ ನೋಡಿದಳು. ನನಗೆ ಯಾವಾಗ ಬರುತ್ತೆ ಸಾರ್ ಎಂದು ಕೇಳಿದಳು. ದಿನಾ ಮಾಡುತ್ತಿದ್ದರೆ ಅದಾಗಿಯೇ ಬರುತ್ತೆ ಕಣಮ್ಮ, ಕಾಯಬೇಕು ಎಂದ. ಅವಳು ತಲೆಯಾಡಿಸಿದಳು, ಆದರೆ ಕಾಯುವವರ ಮುಖ ಅದಾಗಿರಲಿಲ್ಲ.

ಶೂ ಹಾಕಿಕೊಳ್ಳುತ್ತಿರುವಾಗ ಅಡುಗೆ ಮನೆಯಿಂದ ಕೂಗು ಬಂತು. ತನುಶ್ರೀಯ ಅಜ್ಜಿ ದೊಡ್ಡಗಂಗಮ್ಮ ಅದೇ ಸ್ಕೂಲಿನಲ್ಲಿ ಬಿಸಿಯೂಟ ಮಾಡುವವಳು. ಮಗ ಸೊಸೆ ಇಬ್ಬರೂ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ದುಡಿಯುವುದರಿಂದ ಮೊಮ್ಮಗಳು ಅಜ್ಜಿಯ ಜೊತೆಯಲ್ಲೇ ಸ್ಕೂಲಿಗೆ ಬಂದು ಅಜ್ಜಿಯ ಜೊತೆಯಲ್ಲೇ ಹೋಗುತ್ತಿದ್ದಳು. ಸಾಂಬಾರಿನ ಪಾತ್ರೆ ಎತ್ತಲು ಹೋಗಿ ದೊಡ್ಡಗಂಗಮ್ಮನಿಗೆ ಸೊಂಟ ಹಿಡಿದುಕೊಂಡಿತ್ತು. ಅತ್ತ ಕೂರಲಾರದೆ ಇತ್ತ ನಿಲ್ಲಲಾರದೆ ಗೋಡೆ ಹಿಡಿದುಕೊಂಡಿದ್ದಳು, ಜೊತೆಯ ಅಡುಗೆಯವಳು ಏನು ಮಾಡಬೇಕೆಂದು ತಿಳಿಯದೆ ಸೌಟು ಹಿಡಿದು ನಿಂತಿದ್ದಳು. ಬೆಟ್ಟಸ್ವಾಮಿ ಬಿಸಿನೀರಿನ ಶಾಖ ಕೊಡಿ, ಗುಬ್ಬಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದ. ದೊಡ್ಡಗಂಗಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನ ಮುಖವನ್ನೂ ನೋಡಲಿಲ್ಲ, ಕಾಲು ನೋಡುತ್ತಿದ್ದಳು.

"ನೀವು ಸಿದ್ದಲಕ್ಷ್ಮಮ್ಮನ ಮೊಮ್ಮಗ ಅಲ್ವಾ ಸಾ? ಮಾರ್ಕೋನಹಳ್ಳಿ ಡ್ಯಾಮಿನ ಆಚೆ. ನನ್ ತೌರೂ ಅಲ್ಲೇ. ನಮ್ಮಣ್ಣಂಗೆ ಹಿಂಗೇ ಆಗಿದ್ದಾಗ ನೀವೇ ತುಳಿದಿದ್ದು, ಇಷ್ಟುದ್ದ ಇದ್ರಿ. ಒಂದ್ಸಲ ಕಾಲಿಡಿ ಸಾ."

ಇಷ್ಟು ವರ್ಷ ಅದೇ ಸ್ಕೂಲಿನಲ್ಲಿ ಅವಳ ಕೈಯ ಅನ್ನ ಉಂಡಿದ್ದ, ಕುಣಿಗಲ್ ಕಡೆಯವಳು ಎಂದೂ ಗೊತ್ತಿತ್ತು. ಆದರೆ ಅವಳಿಗೆ ತನ್ನ ಕಾಲು ಗೊತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಈ ಭೂಮಿಯ ಮೇಲೆ ಅದು ಗೊತ್ತಿರುವವರು ಇನ್ನೂ ಯಾರೋ ಉಳಿದಿದ್ದಾರೆ. ಅವನಿಗೆ ಎದೆ ತುಂಬಿ ಬಂತು, ಆ ಸೌಟು ಹಿಡಿದವಳ ಎದುರಿಗೆ ಕಣ್ಣು ಒದ್ದೆಯಾದೀತು ಎಂದು ಹೆದರಿ ಒಲೆಯ ಕಡೆ ತಿರುಗಿದ. ಅವನು ಕಾಲು ಮುಂದಾಗಿ ಹುಟ್ಟಿದವನು. ಎಲ್ಲರೂ ತಲೆಯಿಂದ ಬಂದರೆ ಇವನು ಪಾದದಿಂದ ಬಂದ, ಅಂಥವರ ಕಾಲಿಗೆ ಉಳುಕು ತೆಗೆಯುವ ಗುಣ ಇರುತ್ತದೆ ಎಂಬುದು ಆ ಕಡೆಯವರ ನಂಬಿಕೆ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಜಗಲಿಯ ಮೇಲೆ ಯಾರಾದರೊಬ್ಬರು ಬಂದು ಬೋರಲು ಮಲಗಿರುತ್ತಿದ್ದರು. ತೆಂಗಿನಮರದಿಂದ ಜಾರಿದವರು, ಮೂಟೆ ಹೊತ್ತವರು, ರಾಗಿ ಕೊಯ್ಲಿನಲ್ಲಿ ಬಗ್ಗಿ ಬಗ್ಗಿ ಎದ್ದೇಳಲಾಗದವರು. ಅಜ್ಜಿ ಅವನನ್ನು ನಿದ್ದೆಯಿಂದ ಎಬ್ಬಿಸಿ, ಎತ್ತಿಕೊಂಡು ಬಂದು, ಕಟ್ಟೆಯ ಮೇಲೆ ಕೂರಿಸಿ, ಹಿತ್ತಾಳೆ ಚೊಂಬಿನ ಅರಿಸಿನ ನೀರಿನಲ್ಲಿ ಅವನ ಪಾದ ತೊಳೆಯುತ್ತಿದ್ದಳು. ಬೆರಳ ಸಂದಿಯನ್ನೂ ಬಿಡದೆ ತೊಳೆಯುತ್ತಿದ್ದಳು. ಮನೆ ತುಂಬ ಮಕ್ಕಳಿದ್ದರು, ಯಾರ ಕಾಲನ್ನೂ ಯಾರೂ ಹಾಗೆ ತೊಳೆದಿರಲಿಲ್ಲ. ಓದಿನಲ್ಲಿ ಹಿಂದೆ, ಬಣ್ಣ ಕಪ್ಪು, ಮಾತು ತೊದಲು, ಆದರೆ ಕಾಲು ಮಾತ್ರ ದೇವರು ಕೊಟ್ಟಿದ್ದು ಎಂದು ದೊಡ್ಡಪ್ಪಂದಿರು ಕೂಡ ಒಪ್ಪಿದ್ದರು. ಅಜ್ಜಿಯ ಕೈ ಹಿಡಿದುಕೊಂಡು ಮಲಗಿದವರ ಬೆನ್ನಿನ ಹಳ್ಳಕ್ಕೆ ಬಲಗಾಲಿನ ಹಿಮ್ಮಡಿ ಇಟ್ಟರೆ, ಕೆಳಗಿನ ದೊಡ್ಡ ಮೈ ಉಸ್ಸೆಂದು ಉಸಿರು ಬಿಡುತ್ತಿತ್ತು. ಆ ಉಸಿರು ಅವನ ಪಾದಕ್ಕೆ ತಿಳಿಯುತ್ತಿತ್ತು. ಹೋಗುವಾಗ ಅವರು ತೆಂಗಿನಕಾಯಿ, ಬೆಲ್ಲ ಇಟ್ಟು ಹೋಗುತ್ತಿದ್ದರು. ಅಮ್ಮ ಮಾತ್ರ ಯಾವತ್ತೂ ಮಲಗಲಿಲ್ಲ. ಅವನನ್ನು ಹೆತ್ತಾಗಿನಿಂದ ಅವಳಿಗೆ ಸೊಂಟನೋವು ಇದ್ದೇ ಇತ್ತು; ತುಳಿಯಲೇನಮ್ಮ ಎಂದು ಕೇಳಿದರೆ, ನಿನ್ನ ಕಾಲಿನ ರುಚಿ ನಾನು ಒಂದ್ಸಲ ನೋಡಿದೀನಿ ಸಾಕು ಬುಡಪ್ಪ ಎಂದು ನಗುತ್ತಿದ್ದಳು. ಮನೆಯವರೆಲ್ಲ ನಗುತ್ತಿದ್ದರು, ಅವನೂ ನಗುತ್ತಿದ್ದ, ಆ ನಗುವಿನಲ್ಲಿ ಏನಿತ್ತೆಂದು ಅವನಿಗೆ ತಿಳಿದದ್ದು ತನ್ನ ಹೆಂಡತಿ ಹೆರಿಗೆಗೆ ಹೋದಾಗ.

ತುಮಕೂರಿಗೆ ಬಂದು ಉಪ್ಪಾರಹಳ್ಳಿಯಲ್ಲಿ ಮನೆ ಕಟ್ಟಿದ ಮೇಲೆ ಆ ಕಾಲನ್ನು ಯಾರೂ ಕೇಳಲಿಲ್ಲ. ಒಮ್ಮೆ ಹೆಂಡತಿಗೆ ಬೆನ್ನು ಹಿಡಿದುಕೊಂಡಾಗ ಅವನು, ತಮಾಷೆ ಎಂಬಂತೆ, ನಾನು ಇದೀನಲ್ಲ ಎಂದ. ಅವಳು ಅದನ್ನು ತಮಾಷೆ ಎಂದೇ ತಿಳಿದು, ಮಗಳನ್ನು ಕರೆದುಕೊಂಡು, ಮುಖ್ಯರಸ್ತೆಯ ಫಿಸಿಯೋಥೆರಪಿಗೆ ಹೋದಳು. ಅವರು ಬರುವವರೆಗೆ ಅವನು ಸೋಫಾದ ಮೇಲೆ ಕೂತು ಕಾಲುಚೀಲ ಬಿಚ್ಚಿ ತನ್ನ ಪಾದ ನೋಡಿಕೊಂಡಿದ್ದ. ಒಡೆದ ಹಿಮ್ಮಡಿ, ಹಳದಿ ಬಿದ್ದ ಉಗುರು. ಈಗ ದೊಡ್ಡಗಂಗಮ್ಮ ಅಡುಗೆ ಮನೆಯ ನೆಲದ ಮೇಲೆ ಅಕ್ಕಿ ಚೀಲ ಹಾಸಿಕೊಂಡು ನರಳುತ್ತಾ ಬೋರಲಾಗಿದ್ದಳು. ನೀವು ನನ್ನ ತಮ್ಮನ ಲೆಕ್ಕ, ಸಂಕೋಚ ಮಾಡಬೇಡಿ ಎನ್ನುತ್ತಿದ್ದಳು. ಯಾರೂ ಯಾರ ಬೆನ್ನನ್ನೂ ಒತ್ತಬಾರದು ಎಂದು ಈಗತಾನೇ ಹೇಳಿ ಬಂದಿದ್ದೆ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಚೈತನ್ಯಳ ಕೋಲು, ಚಿತ್ರ, ಎಲ್ಲ ನೆನಪಿತ್ತು. ನೆನಪಿದ್ದೇ ಅವನು ಶೂ ಬಿಚ್ಚಿದ. ಕೊಳಾಯಿಯ ಕೆಳಗೆ ಪಾದ ತೊಳೆದ, ಬೆರಳ ಸಂದಿಯನ್ನೂ ತೊಳೆದ. ಗೋಡೆಗೆ ಕೈಕೊಟ್ಟು, ಹಿಮ್ಮಡಿಯನ್ನು ಅವಳ ಸೊಂಟದ ಮೇಲಿಟ್ಟು, ಅಷ್ಟಿಷ್ಟು ಭಾರ ಬಿಟ್ಟ. ದೊಡ್ಡಗಂಗಮ್ಮ ಅಮ್ಮಾ ಎಂದು ಉಸಿರು ಬಿಟ್ಟಳು. ಅದೇ ಉಸಿರು, ಅದೇ ಪಾದಕ್ಕೆ ತಿಳಿಯಿತು. ಅವಳು ಎದ್ದು ಕೂತು, ಆಮೇಲೆ ನಿಂತು, ಅತ್ತಿತ್ತ ತಿರುಗಿ ನೋಡಿ, ಬುಡ್ತು ಸಾ ಎಂದು ಕೈಮುಗಿದಳು. ಆಗ ಅವನು ಕಿಟಕಿಯ ಕಡೆ ನೋಡಿದ. ಸರಳುಗಳ ತುಂಬ ಮಕ್ಕಳ ಮುಖ, ಕೈಯಲ್ಲಿ ಊಟದ ತಟ್ಟೆ. ಎಲ್ಲರಿಗಿಂತ ಮುಂದೆ ತನುಶ್ರೀ ಮತ್ತು ನಂದಿತಾ.

ಆಗಲೇ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅವನು ಬಹಳ ಖುಷಿಯಲ್ಲಿದ್ದ. ಮೇಷ್ಟ್ರು ಕಾಲು ಮುಂದಾಗಿ ಹುಟ್ಟಿದವರು ಎಂದು ದೊಡ್ಡಗಂಗಮ್ಮ ಬಡಿಸುತ್ತಾ ಮಕ್ಕಳಿಗೆಲ್ಲ ಹೇಳುವುದನ್ನು ಕೇಳಿಸಿಕೊಳ್ಳುತ್ತಾ, ಆ ದಿನ ಎರಡನೇ ಸಲ ಸಾಂಬಾರು ಹಾಕಿಸಿಕೊಂಡ. ಏನ್ರಿ ಬೆಟ್ಟಸ್ವಾಮಿ, ಸೈಡ್ ಪ್ರಾಕ್ಟೀಸ್ ಶುರು ಮಾಡಿದ್ರಂತೆ ಎಂದು ಹೆಡ್‌ಮಾಸ್ಟರು ಚುಚ್ಚಿದ್ದಕ್ಕೂ ಬೇಸರವಾಗಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕುರ್ಚಿಗೆ ಒರಗಿ, ಶೂ ಸಡಿಲ ಮಾಡಿ, ಅರ್ಧ ಕಣ್ಣು ಮುಚ್ಚಿದ್ದ. ಚೊಂಬಿನ ಅರಿಸಿನ ನೀರು, ಅಜ್ಜಿಯ ಬಳೆಯ ಸದ್ದು, ಡ್ಯಾಮಿನ ಕಡೆಯಿಂದ ಬರುವ ಗಾಳಿ. ಏಕಾಂತಯ್ಯನವರಿಗೂ ಒಮ್ಮೆ ತುಳಿದಿದ್ದನಲ್ಲ? ಹೌದು, ಹೈಜಂಪಿನ ಮರಳಿನಲ್ಲೇ ಮಲಗಿದ್ದರು ಮೇಷ್ಟ್ರು. ನಿನ್ನ ಬೆನ್ನು ಒತ್ತಿದ ಸಾಲ ತೀರಿಸಿಬಿಟ್ಟೆ ಕಣ್ಲಾ ಎಂದು ನಕ್ಕಿದ್ದರು. ಅಂಥ ಮಧ್ಯಾಹ್ನಗಳು ಎಲ್ಲಿ ಹೋದವು ಎಂದು ಯೋಚಿಸುತ್ತಿರುವಾಗ ಸೈಕಲ್ ಸ್ಟ್ಯಾಂಡಿನ ಹಿಂದಿನಿಂದ ಒಂದು ಕಿರುಚಾಟ ಕೇಳಿತು.

ತನುಶ್ರೀ ಮಣ್ಣಿನ ಮೇಲೆ ಒಂದು ಪಕ್ಕಕ್ಕೆ ಬಿದ್ದಿದ್ದಳು, ಮುಖ ಬಿಳಿಚಿಕೊಂಡಿತ್ತು. ನಂದಿತಾ ಬರಿಗಾಲಿನಲ್ಲಿ ನಿಂತಿದ್ದಳು, ಅವಳ ಪಾದದಿಂದ ನೀರು ಇಳಿಯುತ್ತಿತ್ತು. ತೊಳೆದುಕೊಂಡು ಬಂದಿದ್ದಾಳೆ. ಅದನ್ನು ಕಂಡೇ ಬೆಟ್ಟಸ್ವಾಮಿಗೆ ಎಲ್ಲ ಅರ್ಥವಾಯಿತು. ತನುಶ್ರೀ ಕಾಲು ಚಾಚಿ ಬೆರಳು ಮುಟ್ಟಲು ಬಗ್ಗಿದ್ದಾಳೆ, ಇವಳು ಸೈಕಲ್ ಸ್ಟ್ಯಾಂಡಿನ ಕಂಬಿ ಹಿಡಿದು ಅವಳ ಸೊಂಟದ ಮೇಲೆ ಹಿಮ್ಮಡಿ ಇಟ್ಟು ಪೂರ್ತಿ ಭಾರ ಬಿಟ್ಟಿದ್ದಾಳೆ. "ನಾನೂ ಕಾಲು ಮುಂದಾಗೇ ಹುಟ್ಟಿದ್ದಂತೆ ಸಾರ್, ನಮ್ಮಮ್ಮ ಹೇಳವ್ಳೆ," ಎಂದಳು ನಂದಿತಾ, ಅಳುತ್ತಾ. ಅವನ ಕೈ ಮೇಲಕ್ಕೆ ಹೋಗಿತ್ತು. ಆ ಕೈ ಯಾರ ಕೆನ್ನೆಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತು ಕೆಳಗಿಳಿಯಿತು. ಯಾರೂ ಅವಳನ್ನು ಎತ್ತಬೇಡಿ, ಎಳೆಯಬೇಡಿ ಎಂದು ಕೂಗಿ ಹೇಳಿದ. ಆಂಬುಲೆನ್ಸಿಗೆ ಫೋನು ಮಾಡಿದ. ಅದು ಬರುವವರೆಗೆ ಮಣ್ಣಿನಲ್ಲಿ ಅವಳ ತಲೆಯ ಹತ್ತಿರ ಕೂತು, ಕಾಲ್ಬೆರಳು ಆಡಿಸಮ್ಮ ಎಂದ. ಅವಳು ಆಡಿಸಿದಳು. ಉದ್ದನೆಯ ಬೆರಳುಗಳು, ಬೆಳಿಗ್ಗೆ ಮುಟ್ಟಲು ಆಗದಿದ್ದವು. ಅವು ಅಲ್ಲಾಡಿದ್ದನ್ನು ಕಂಡು, ಇನ್ನೊಂದು ಸಲ ಆಡಿಸಮ್ಮ ಎಂದ.

ಗುಬ್ಬಿಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಾಲು ಎತ್ತಿಸಿ, ಪಾದ ಗೀರಿ, ಅಲ್ಲಲ್ಲಿ ಒತ್ತಿ ನೋಡಿ, ಸ್ನಾಯು ಹಿಡಿದುಕೊಂಡಿರಬೇಕು, ಆದರೂ ಎಕ್ಸ್‌ರೇ ಆಗುವವರೆಗೆ ಏನೂ ಹೇಳಲಾರೆ ಎಂದರು. ಏನು ಮಾಡುತ್ತಿದ್ದಳು ಎಂದು ಕೇಳಿದರು. ಸ್ಟ್ರೆಚಿಂಗ್ ಎಂದ ಬೆಟ್ಟಸ್ವಾಮಿ. ಯಾರು ಹೇಳಿಕೊಟ್ಟಿದ್ದು ಎಂದು ಕೇಳಿದರು. ನಾನೇ ಎಂದ. ಡಾಕ್ಟರಮ್ಮ ಅವನ ಕೊರಳಿನ ವಿಷಲ್ ನೋಡಿ, ಎಕ್ಸ್‌ರೇ ಚೀಟಿ ಬರೆದು ಅವನ ಕೈಗಿಟ್ಟರು. ಎಕ್ಸ್‌ರೇ ಕೋಣೆಯ ಹೊರಗಿನ ಓಣಿಯಲ್ಲಿ ಸ್ಟ್ರೆಚರಿನ ಮೇಲೆ ತನುಶ್ರೀ ಮಗ್ಗುಲಾಗಿ ಮಲಗಿದ್ದಳು, ಅವಳ ಅಪ್ಪ ಅಮ್ಮ ಫ್ಯಾಕ್ಟರಿಯಿಂದ ಹೊರಟಿದ್ದರು. ದೊಡ್ಡಗಂಗಮ್ಮ ಮೊಮ್ಮಗಳ ತಲೆ ಸವರುವುದು, ಬಾಗಿಲ ತನಕ ಹೋಗಿ ನೋಡುವುದು, ಮತ್ತೆ ಬರುವುದು ಮಾಡುತ್ತಿದ್ದಳು. ನೆಟ್ಟಗೆ ನಡೆಯುತ್ತಿದ್ದಳು. ಬೆಳಿಗ್ಗೆ ಗೋಡೆ ಹಿಡಿದು ನಿಂತವಳು ಎಂದು ಯಾರೂ ಹೇಳುತ್ತಿರಲಿಲ್ಲ, ಅವಳು ಇಡುವ ಒಂದೊಂದು ಹೆಜ್ಜೆಯೂ ಅವನನ್ನು ಕುಟುಕುತ್ತಿತ್ತು. ಅವಸರದಲ್ಲೂ ಅಭ್ಯಾಸಬಲದಿಂದ ಅವನು ಶೂ ಹೊರಗೆ ಬಿಟ್ಟು ಬಂದಿದ್ದ. ಆಸ್ಪತ್ರೆಯ ತಣ್ಣನೆ ನೆಲದ ಮೇಲೆ ಆ ಬರಿಗಾಲುಗಳನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ಬೆಂಚಿನ ಕೆಳಕ್ಕೆ ಎಳೆದುಕೊಂಡು ಕೂತಿದ್ದ.

ದೊಡ್ಡಗಂಗಮ್ಮ ಬಂದು ಅವನ ಎದುರು ನಿಂತಳು. ದನಿ ತಗ್ಗಿಸಿ ಹೇಳಿದಳು. "ಈ ಫೋಟೋ ಮಿಸಿನ್ನು ಆಮೇಲಿರ್ಲಿ ಸಾ. ಆ ಹುಡ್ಗಿ ತಿಳೀದೆ ತುಳಿದವ್ಳೆ, ಅವಳ ಕಾಲಿಗೂ ನಿಮ್ ಕಾಲಿಗೂ ಸಮ್ನಾ? ನೀವ್ ಒಂದ್ಸಲ ಕಾಲಿಟ್ಬುಡಿ, ನನ್ ಮಗ ಬರೋದ್ರೊಳ್ಗೆ."

ಬೈಯುತ್ತಾಳೆ ಎಂದು ಕಾದಿದ್ದ. ಬೈದಿದ್ದರೆ ಎಷ್ಟು ಸಲೀಸಾಗಿತ್ತು. ಸ್ಟ್ರೆಚರಿನ ಮೇಲಿಂದ ತನುಶ್ರೀಯೂ ಅವನನ್ನೇ ನೋಡುತ್ತಿದ್ದಳು, ಆ ಕಣ್ಣಲ್ಲಿ ಹೆದರಿಕೆ ಎಷ್ಟಿತ್ತೋ ಆಸೆಯೂ ಅಷ್ಟೇ ಇತ್ತು. ಆಗಲ್ಲಮ್ಮ, ಇಡಬಾರದು ಎಂದ. ನನಗೆ ಇಟ್ಟಿರಲ್ಲ ಎಂದಳು ದೊಡ್ಡಗಂಗಮ್ಮ. ಅದೂ ತಪ್ಪು ಎಂದ. ಸುಮ್ಮನೆ ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಇವಳು ಬಿಡುವ ಹೆಂಗಸಲ್ಲ. ಇಲ್ಲಿ ಇವನು ಒಲ್ಲೆ ಎಂದರೆ ಮನೆಗೆ ಕರೆದುಕೊಂಡು ಹೋಗಿ ಇನ್ನಾರದೋ ಕಾಲು ಹುಡುಕುತ್ತಾಳೆ. ಆ ಎಳೆ ಬೆನ್ನಿನ ಮೇಲೆ ಇನ್ನೊಂದು ಹಿಮ್ಮಡಿ ಬೀಳುತ್ತದೆ. ಅದನ್ನು ತಡೆಯಲು ಇರುವುದು ಒಂದೇ ಮಾತು, ಆ ಮಾತನ್ನು ಅವನು ತನಗೆ ತಾನೇ ಕೂಡ ಯಾವತ್ತೂ ಹೇಳಿಕೊಂಡಿರಲಿಲ್ಲ.

"ನನ್ನ ಕಾಲಲ್ಲಿ ಏನೂ ಇಲ್ಲಮ್ಮ," ಎಂದ ಬೆಟ್ಟಸ್ವಾಮಿ. "ಯಾರ ಕಾಲಲ್ಲೂ ಇಲ್ಲ. ಎಲ್ಲಾರ ಕಾಲಿನ ಹಂಗೇ ಇದೂ ಒಂದು ಕಾಲು. ಈ ಮಗೂನ ಬೆನ್ನಿನ ಮೇಲೆ ಯಾರೂ ಕಾಲಿಡಬಾರ್ದು."

ಹೇಳಿದ ಕೂಡಲೇ ಅವನ ಅಜ್ಜಿ ಅರಿಸಿನ ನೀರಿನ ಚೊಂಬನ್ನು ಕೆಳಗಿಟ್ಟಳು. ಹಾಗೇ ಅನ್ನಿಸಿತು ಅವನಿಗೆ. ಜಗಲಿಯ ಮೇಲೆ ಮಲಗಿದ್ದವರೆಲ್ಲ ಎದ್ದು, ಟವೆಲ್ಲು ಕೊಡವಿಕೊಂಡು, ಅವನ ಮುಖ ನೋಡದೆ ಹೊರಟುಹೋದರು. ಓದು ಹತ್ತದ, ತೊದಲುವ ಒಬ್ಬ ಕಪ್ಪು ಹುಡುಗ ಕಟ್ಟೆಯ ಮೇಲೆ ಒದ್ದೆ ಕಾಲು ಬಿಟ್ಟುಕೊಂಡು ಒಬ್ಬನೇ ಉಳಿದ. ಅವನಿಗೆ ಆ ಹುಡುಗನ ಮೇಲೆ ಹೇಳಲಾರದಷ್ಟು ಮರುಕ ಬಂತು. ದೊಡ್ಡಗಂಗಮ್ಮ ಮಾತ್ರ ಅಲುಗಲಿಲ್ಲ. ಏನೂ ಇಲ್ಲದೆ ನನ್ನ ಸೊಂಟ ಹೇಗೆ ಬಿಟ್ಟಿತು ಎಂದು ಕೇಳಿದಳು. 

"ಹಂಗಾದ್ರೆ ಅಜ್ಜೀನ ಯಾಕ್ ತುಳಿದ್ರಿ ಸಾರ್?" ಎಂದಳು ತನುಶ್ರೀ, ಸ್ಟ್ರೆಚರಿನ ಮೇಲಿಂದ.

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಕ್ಲಾಸಿನಲ್ಲಿ ಕೇಳಿದ ಹಾಗೆಯೇ ಕೇಳಿದ್ದಳು, ನನಗೆ ಯಾವಾಗ ಬರುತ್ತೆ ಎಂದು. ಬೆಳಿಗ್ಗೆ ಆ ಪ್ರಶ್ನೆಗೆ ಅವನು ಮೇಷ್ಟ್ರ ಉತ್ತರ ಕೊಟ್ಟಿದ್ದ. ಈಗ ಎದ್ದು ಸ್ಟ್ರೆಚರಿನ ಹತ್ತಿರ ಹೋಗಿ, ಅವಳ ತಲೆಯ ಬಳಿ ಬಗ್ಗಿದ.

"ಅಜ್ಜಿ ಕರೆದ್ರು ಕಣಮ್ಮ," ಎಂದ. "ನನ್ನ ಯಾರಾದ್ರೂ ಹಂಗೆ ಕರೆದು ಎಷ್ಟೋ ವರ್ಷ ಆಗಿತ್ತು."

 ನಂದಿತಾಗೆ ಹೊಡೀಬೇಡಿ ಸಾರ್ ಎಂದಳು ತನುಶ್ರೀ. ಇಲ್ಲ ಎಂದ. ನಾಳೆ ಹೊಂಗೆ ಮರದ ಕೆಳಗೆ ಇದೆಲ್ಲವನ್ನೂ ಎಲ್ಲರ ಎದುರಿಗೆ ಇನ್ನೊಂದು ಸಲ ಹೇಳಬೇಕು, ನಂದಿತಾಗೆ ಮೊದಲು ಹೇಳಬೇಕು, ನಗುವವರು ನಗಲಿ. ಎಕ್ಸ್‌ರೇಯವನು ಬಾಗಿಲು ತೆಗೆದು ಹೆಸರು ಕೂಗಿದ. ಸ್ಟ್ರೆಚರನ್ನು ತಳ್ಳುವ ಮೊದಲು ದೊಡ್ಡಗಂಗಮ್ಮ ಒಂದು ನಿಮಿಷ ಎಂದು ತಡೆದಳು. ಬಗ್ಗಿದಳು, ಬೆಳಿಗ್ಗೆ ಬಗ್ಗಲಾರದಿದ್ದ ಸೊಂಟವನ್ನು ಪೂರ್ತಿ ಬಗ್ಗಿಸಿ, ಬೆಟ್ಟಸ್ವಾಮಿಯ ಬಲಗಾಲಿನ ಹೆಬ್ಬೆರಳನ್ನು ತನ್ನ ಬೆರಳ ತುದಿಯಿಂದ ಮುಟ್ಟಿ, ಆ ಬೆರಳನ್ನು ಮೊಮ್ಮಗಳ ಬೆನ್ನಿಗೆ ತಾಗಿಸಿದಳು. ಒತ್ತಲಿಲ್ಲ. ಇರುವೆ ಕೂತಷ್ಟೂ ಭಾರ ಬಿಡಲಿಲ್ಲ. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಬಹುದಿತ್ತು, ಎಳೆದುಕೊಳ್ಳಲಿಲ್ಲ.

ಓಣಿಯ ತುದಿಯ ಬಿಸಿಲು ಬೆಂಚಿನ ಹತ್ತಿರ ಬರುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಉಳುಕಿದೆ, ಮಲಗಿ ರೆಸ್ಟ್ ತಗೊಳ್ಳಬೇಕು, ಎಣ್ಣೆ ತಿಕ್ಕುವುದು ತುಳಿಸುವುದು ಯಾವುದೂ ಬೇಡ ಎಂದರು. ಆಯ್ತು ಬುಡ್ರವ್ವ, ಇನ್ಯಾಕೆ ತುಳಿಸಲಿ ಎಂದಳು ದೊಡ್ಡಗಂಗಮ್ಮ. ಅದನ್ನು ಹೇಳುವಾಗ ಅವಳು ಡಾಕ್ಟರಮ್ಮನ ಮುಖ ನೋಡುತ್ತಿರಲಿಲ್ಲ. ಬೆಟ್ಟಸ್ವಾಮಿಯ ಕಾಲು ನೋಡುತ್ತಿದ್ದಳು. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಯ ಜೊತೆಯಲ್ಲೇ, ಹಾಳಾದ್ದು, ಖುಷಿಯೂ ಆಯಿತು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಬಗ್ಗಿ, ಕೈಗೆ ಎಟುಕುವಷ್ಟು ಹತ್ತಿರಕ್ಕೆ ಶೂಗಳನ್ನು ಎಳೆದುಕೊಂಡು, ಪಾದಗಳನ್ನು ಒಳಗೆ ಹಾಕಿ ದಾರ ಬಿಗಿದ.